ಸತ್ತವನ ಅರ್ಧ ತೋಳಿನ ಅಂಗಿ

"ನಿದ್ದೆ ಮಾಡ್ಬೇಡಿ ಮೇಡಂ. ಇನ್ನೂ ಅರ್ಧ ಬಾಟ್ಲಿನೂ ತುಂಬಿಲ್ಲ."

ನನ್ನ ತೋಳಿನಿಂದ ರಕ್ತ ಇಳಿಯುತ್ತಿತ್ತು. ಇಳಿಯುತ್ತಿತ್ತು ಅನ್ನುವುದೂ ಹೆಚ್ಚೇ, ಚಳಿಗೆ ಗಟ್ಟಿಯಾದ ಬೆಲ್ಲದ ಪಾಕದಂತೆ ತೆವಳುತ್ತಿತ್ತು. ಕಿಟಕಿಯಾಚೆ ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಮನೆಗಳು ಹೊಳೆಯುತ್ತಿದ್ದವು. ಅವುಗಳ ಮೇಲೆ ಹಿಮದ ಅಜ್ಜಿ, ನಮ್ಮ ಬೆಟ್ಟ, ಯಾವತ್ತಿನಂತೆ ಕಾಲು ಚಾಚಿ ಮಲಗಿದ್ದಳು. ಅವಳನ್ನು ನೋಡುತ್ತ ನೋಡುತ್ತ ನನಗೂ ಕಣ್ಣು ಮುಚ್ಚಿ ಬರುತ್ತಿತ್ತು.

ಮೋಡಕ್ಕಿಂತ ಎತ್ತರದ ಈ ಗಣಿ ಊರು ವಿಲಕಾಲದಲ್ಲಿ ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದವಳ ಮೈ ಹೀಗೇ ಆಗುತ್ತದೆ. ಇಲ್ಲಿನ ಗಾಳಿಯಲ್ಲಿ ಉಸಿರು ಕಡಿಮೆ. ಆ ಕೊರತೆ ತುಂಬಲು ಮೈ ರಕ್ತ ಮಾಡುತ್ತಲೇ ಇರುತ್ತದೆ, ಯಾರಾದರೂ ಸಾಕು ಅನ್ನುವ ತನಕ. ಸಾಕು ಅನ್ನುವವರು ಯಾರೂ ಇಲ್ಲ. ಆ ದಪ್ಪ ರಕ್ತವನ್ನು ತಳ್ಳಿ ತಳ್ಳಿ ಹೃದಯದ ಬಲಭಾಗ ಊದಿಕೊಂಡಿದೆಯಂತೆ. ಅದಕ್ಕೇ ಆಗಾಗ ಹೀಗೆ ರಕ್ತ ತೆಗೆಸಿಕೊಳ್ಳಬೇಕು. ಕಿವಿಯಲ್ಲಿ ಹಗಲೂ ರಾತ್ರಿ ಗುಂಯ್ ಅನ್ನುವ ಸದ್ದು. ಊಟವಾದ ಮೇಲೆ ಕೂತಲ್ಲೇ ತೂಕಡಿಕೆ, ತೂಕಡಿಕೆಯಲ್ಲಿ ಕನಸು. ಎಷ್ಟೋ ಸಲ ಯಾವುದು ಕನಸು, ಯಾವುದು ಠಾಣೆ ಎಂದು ಗೊತ್ತಾಗುವುದಿಲ್ಲ.

ಆದರೂ ಇವತ್ತು ನಿದ್ದೆ ಮಾಡುವಂತಿರಲಿಲ್ಲ. ಗಣಿ ಕೆಲಸದ ಮೆಲಿತೋನ್ ಸತ್ತು ವಾರವಾಗಿತ್ತು. ಸೂಪಿನಲ್ಲಿ ವಿಷ ಹಾಕಿದಳೆಂದು ಅವನ ಹೆಂಡತಿ ನಿಕಾಸಿಯಾಳನ್ನು ಕೂಡಿಹಾಕಿದ್ದೆವು, ಈ ಸಂಜೆ ಅವಳನ್ನು ಕೆಳಗೆ ಹುಲಿಯಾಕಾದ ಜೈಲಿಗೆ ಸಾಗಿಸುವುದಿತ್ತು. ಅವಳು ವಿಷ ಹಾಕಿದ್ದಾಳೆಂದು ನಾನು ನಂಬಿರಲಿಲ್ಲ. ನಂಬಿಕೆಯನ್ನು ಯಾವ ಕೋರ್ಟು ಕೇಳುತ್ತದೆ?

"ನಾಡಿ ನೋಡ್ತೀನಿ," ಎಂದು ಡಾಕ್ಟರ್ ಬಾಗಿದ. ಕರಾವಳಿಯ ಹುಡುಗ, ಬಂದು ಒಂದು ವಾರವೂ ಆಗಿಲ್ಲ, ಮುಖದಲ್ಲಿ ಇನ್ನೂ ಸಮುದ್ರದ ನುಣುಪು. ಅವನ ಮುಖ ನನ್ನ ಮುಖದ ಹತ್ತಿರ ಬಂತು.

ನಾನು ಅವನ ಕೋಟಿನ ಕಾಲರ್ ಹಿಡಿದುಬಿಟ್ಟೆ.

"ಅಯ್ಯೋ, ಏನಾಯ್ತು ಮೇಡಂ?"

"ಕಣ್ಣು ತೋರ್ಸು. ನಿನ್ನ ಕಣ್ಣು ಯಾಕೆ ಇಷ್ಟು ಬೆಳ್ಳಗಿದೆ?"

"ಎಲ್ಲರ ಕಣ್ಣೂ ಬೆಳ್ಳಗೇ ಇರೋದು!" ಎಂದು ನಕ್ಕ. ಆಮೇಲೆ ನನ್ನ ಕಣ್ಣನ್ನು ನೋಡಿ ನಗು ನಿಲ್ಲಿಸಿದ. "ಇಲ್ಲಿಯವರನ್ನ ಬಿಟ್ಟು."

ಇಲ್ಲಿ ಹತ್ತು ವರ್ಷ ಕಳೆದವರ ಕಣ್ಣು ಬೆಳ್ಳಗಿರುವುದಿಲ್ಲ. ಕೆಂಪು ನೂಲು ಸುತ್ತಿದ ಹಾಗಿರುತ್ತದೆ. ನಮಗೆ ಅದೇ ಕಣ್ಣಿನ ಬಣ್ಣ. ಮೆಲಿತೋನ್‌ನ ಹೆಣ ತೊಳೆದ ಹೆಂಗಸರು ಅವನ ರೆಪ್ಪೆ ಮುಚ್ಚುವಾಗ ಕಿರುಚಿದ್ದು ಅದಕ್ಕೇ. ಬಾಯಲ್ಲಿ ಗುಲಾಬಿ ನೊರೆ, ಕಣ್ಣು ಮಾತ್ರ ಹಾಲಿನಂತೆ ಬಿಳಿ. ವಿಷ ಕುಡಿಸಿದ್ದಾರೆ, ವಿಷ ಕಣ್ಣಿನ ಬಣ್ಣ ತಿಂದುಬಿಟ್ಟಿದೆ ಎಂದು ಊರಿಗೆ ಊರೇ ಹೇಳಿತು. ಪೊಲೀಸಿನವಳಾದ ನಾನೂ ತಲೆಯಾಡಿಸಿ ಬರೆದುಕೊಂಡೆ. ಕಣ್ಣು ಬೆಳ್ಳಗಿರುವುದೇ ಸಹಜ ಎಂದು ಈ ಊರಲ್ಲಿ ಯಾರಿಗೆ ಹೊಳೆಯಬೇಕು?

"ಡಾಕ್ಟ್ರೇ, ನಮ್ಮಂಥೋರ ಕಣ್ಣು ಮತ್ತೆ ಬೆಳ್ಳಗಾಗುತ್ತಾ?"

"ಕೆಳಗೆ ಹೋಗಿ ಒಂದೆರಡು ತಿಂಗಳು ಇದ್ದರೆ ಆಗುತ್ತೆ. ರಕ್ತ ತಿಳಿಯಾಗುತ್ತೆ, ಕಿವಿ ಸದ್ದು ನಿಲ್ಲುತ್ತೆ, ತಲೆ ಹಗುರಾಗುತ್ತೆ. ನಿಮಗೂ ಅದನ್ನೇ ಹೇಳ್ತಿರೋದು, ಕೆಳಗೆ ಹೋಗಿ ಅಂತ."

"ಹೋದವನು ವಾಪಸ್ ಬಂದ್ರೆ?"

ಅವನು ಸೂಜಿ ಸರಿಮಾಡುತ್ತ ಯೋಚಿಸಿದ. "ನಿಧಾನವಾಗಿ ಬರಬೇಕು. ನಡುವೆ ಎಲ್ಲಾದ್ರೂ ನಿಂತು ನಿಂತು. ಸಮುದ್ರದಿಂದ ಇಲ್ಲಿಗೆ ಒಂದೇ ಉಸಿರಿಗೆ ಬಂದ್ರೆ ಶ್ವಾಸಕೋಶಕ್ಕೆ ನೀರು ತುಂಬುತ್ತೆ. ಕೆಮ್ಮು, ಎದೆಯಲ್ಲಿ ಗೊರಗೊರ. ಕೊನೆಗೆ ಬಾಯಲ್ಲಿ ಗುಲಾಬಿ ನೊರೆ."

"ಅದು ನಿಮ್ಮಂಥ ಹೊರಗಿನೋರಿಗೆ. ಇಲ್ಲೇ ಹುಟ್ಟಿದೋರಿಗೆ ಏನಾಗುತ್ತೆ?"

"ಎಲ್ರೂ ಹೀಗೇ ಅಂದ್ಕೋತಾರೆ," ಎಂದ ಆ ಹುಡುಗ. "ಹುಟ್ಟಿದೋರಿಗೂ ಆಗುತ್ತೆ ಮೇಡಂ. ಬೆಟ್ಟ ಬಿಟ್ಟುಹೋದ ಮಗನನ್ನ ಬೆಟ್ಟ ಮರೀತದೆ."

ನಾನು ಸೂಜಿ ಕಿತ್ತುಕೊಂಡು ಎದ್ದೆ. ಅವನು ಹಿಂದಿನಿಂದ ಕೂಗುತ್ತಲೇ ಇದ್ದ. ತಲೆ ಸುತ್ತುತ್ತಿತ್ತು, ಮನಸ್ಸು ಮಾತ್ರ ಬಹಳ ದಿನದ ಮೇಲೆ ಎಚ್ಚರವಾಗಿತ್ತು.

ಎರಡು ತಿಂಗಳು ಮೆಲಿತೋನ್ ದಿಣ್ಣೆಯಾಚೆಯ ಗಣಿಯಲ್ಲಿ ಕೆಲಸಕ್ಕೆ ಹೋಗಿದ್ದನೆಂದು ಎಲ್ಲರೂ ಹೇಳಿದ್ದರು. ಆ ಗಣಿ ನಮ್ಮೂರಿಗಿಂತ ಎತ್ತರದಲ್ಲಿದೆ. ಅಲ್ಲಿಂದ ಬಂದವನ ಕಣ್ಣು ಇನ್ನಷ್ಟು ಕೆಂಪಾಗಬೇಕಿತ್ತು.

ಠಾಣೆಯ ಕಂಬಿಯಾಚೆ ನಿಕಾಸಿಯಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಸಂಜೆಯ ತನಕ ಮಾತ್ರ ಮಗುವನ್ನು ಅವಳ ಜೊತೆ ಇರಲು ಬಿಟ್ಟಿದ್ದೆವು.

"ನಿಕಾಸಿಯಾ, ನಿನ್ನ ಗಂಡ ಬಂದ ದಿನ ಹೇಗಿದ್ದ?"

"ಎಷ್ಟ್ ಸಲ ಹೇಳ್ಲಿ ಅಕ್ಕಾ? ಬಾಗಿಲು ತೆಗೀತಿದ್ದಂಗೆ ಮಗು ಎಲ್ಲಿ, ಮಗು ಎಲ್ಲಿ ಅಂದ್ರು. ಮಗು ಆಡ್ತಾ ಇತ್ತು. ಅದನ್ನ ನೋಡಿ ಕೂತ್ಕೊಂಡು ಅತ್ತುಬಿಟ್ರು. ಆಮೇಲೆ ಕೆಮ್ಮು ಶುರುವಾಯ್ತು. ಬಿಸಿ ಸೂಪು ಕೊಟ್ಟೆ. ಅದೇ ನಾನ್ ಮಾಡಿದ ತಪ್ಪು, ಸೂಪು ಕೊಟ್ಟಿದ್ದು." ಅವಳು ಸೆರಗಿನಂತೆ ಹೊದ್ದ ಶಾಲಿನಲ್ಲಿ ಮೂಗು ಒರೆಸಿಕೊಂಡಳು. "ಕೆಳಗೆ ಕರ್ಕೊಂಡು ಹೋದ್ರೆ ಇದಕ್ಕೆ ಹಾಲು ಯಾರು ಕೊಡ್ತಾರೆ ಅಕ್ಕಾ? ನಮ್ಮತ್ತೆ ಎದೆ ಬತ್ತಿ ಮೂವತ್ತು ವರ್ಷ ಆಯ್ತು."

ಕಂಬಿಯೊಳಗೆ ಕೈ ಚಾಚಿ ಮಗುವಿನ ಜಾರಿದ ಹೊದಿಕೆಯನ್ನು ಮೇಲಕ್ಕೆಳೆದೆ.

ಹಿಂದೆ ಕ್ಯಾಪ್ಟನ್ ವಾಲೆಂಸುವೆಲಾ ಬಂದು ನಿಂತಿದ್ದರು. ಕೈಯಲ್ಲಿ ಕೋಕಾ ಎಲೆಯ ಚಹಾ. ಕೆಳಗಿನ ಅರೆಕಿಪಾ ಪಟ್ಟಣದ ದೊಡ್ಡ ಮನೆತನದವರು, ಮೆಲುದನಿ, ನನ್ನನ್ನು ತಂಗಿಯ ಹಾಗೆ ನೋಡಿಕೊಳ್ಳುವವರು. "ರಕ್ತ ತೆಗೆಸ್ಕೊಂಡು ಬಂದಿದೀಯಾ, ಮುಖ ನೋಡು ಹೇಗಾಗಿದೆ. ಕುಡಿ. ಮಲಕ್ಕೋ. ಐದಕ್ಕೆ ಜೀಪು ಹೊರಡುತ್ತೆ, ಕಾಗದಪತ್ರ ನಾನೇ ನೋಡ್ಕೋತೀನಿ."

"ಒಂದು ಗಂಟೆ ಕೊಡಿ ಸರ್. ಹೊಳೆ ಹತ್ರ ಹೋಗಿ ಬರ್ತೀನಿ. ಇವತ್ತು ಮೆಲಿತೋನ್ ಬಟ್ಟೆ ಒಗೀತಾರೆ."

"ಒಗೆದ ಬಟ್ಟೇಲಿ ಏನ್ ಸಿಗುತ್ತೆ?" ಎಂದು ನಕ್ಕು, ಹೋಗಿ ಬಾ ಎಂದು ಕೈ ಆಡಿಸಿದರು.

ಸತ್ತವರ ಬಟ್ಟೆ ಒಗೆಯುವ ದಿನ ನಮ್ಮಲ್ಲಿ ಎರಡನೆಯ ಸಲ ಮಣ್ಣು ಮಾಡಿದ ಹಾಗೆ. ಹೊಳೆಯ ದಡದಲ್ಲಿ ಜನ ಕೂತು ಒಣಗಿದ ಆಲೂಗಡ್ಡೆ, ಮಾಂಸ ತಿನ್ನುತ್ತಾರೆ, ಕೋಕಾ ಎಲೆ ಜಗಿಯುತ್ತಾರೆ, ಸತ್ತವನ ಹುಚ್ಚಾಟಗಳನ್ನು ಹೇಳಿಕೊಂಡು ನಗುತ್ತಾರೆ. ರಕ್ತ ಸಂಬಂಧಿಗಳು ಬಟ್ಟೆ ಮುಟ್ಟುವಂತಿಲ್ಲ. ಚರ್ಚಿನಲ್ಲಿ ಹೆಸರಿಡುವಾಗ ಮಗುವನ್ನು ಎತ್ತಿಕೊಂಡ ಧರ್ಮತಂದೆ ಒಗೆಯಬೇಕು. ಮೆಲಿತೋನ್‌ನ ಮಗುವಿಗೆ ಧರ್ಮತಂದೆ ತೊರಿಬಿಯೊ, ಊರಿಗೂ ಕೆಳಗಿನ ಪೇಟೆಗಳಿಗೂ ವ್ಯಾನು ಓಡಿಸುವವನು. ನೀರಲ್ಲಿ ಮೊಣಕಾಲುದ್ದ ನಿಂತು ಒಬ್ಬನೇ ಬಡಿಯುತ್ತಿದ್ದ. ಮಂಜು ಹೊಳೆಯ ಮೇಲೆ ಇಳಿದಿತ್ತು. ಕೋಲಿನ ಪೆಟ್ಟು ಕಾಣುವುದಕ್ಕಿಂತ ತಡವಾಗಿ ಕೇಳಿದಂತೆ ನನಗೆ ಭಾಸವಾಗುತ್ತಿತ್ತು.

ನಾನು ಕಲ್ಲಿನ ಮೇಲೆ ಕೂತು ನೋಡಿದೆ. ತಲೆ ತೂರಿಸಿ ಹೊದೆಯುವ ಉಣ್ಣೆಯ ಪೊಂಚೊ ಒಗೆದ, ಹರವಿದ. ಸ್ವೆಟರ್ ಒಗೆದ, ಹರವಿದ. ಒಂದು ಪ್ಯಾಂಟನ್ನು ಮಾತ್ರ ಸುರುಳಿ ಬಿಚ್ಚದೆ ಹಾಗೇ ನೀರಿಗೆ ಅದ್ದಿ, ಹಾಗೇ ಹಿಂಡಿ, ಕಲ್ಲಿನ ಮರೆಗೆ ಇಟ್ಟ.

ದಡದ ಮುದುಕಿಯೊಬ್ಬಳು ಕೂಗಿದಳು. "ಏ ತೊರಿಬಿಯೊ, ಹಂಗೇನೋ ಒಗೆಯೋದು? ನಿನ್ ಹೆಂಡ್ತಿ ಕೋಲು ತಗೊಂಡು ಬರ್ಲಿಲ್ವಾ?"

ಎಲ್ಲರೂ ನಕ್ಕರು. ತೊರಿಬಿಯೊ ನಗಲಿಲ್ಲ.

ನಾನು ನೀರಿಗಿಳಿದೆ. ಹಿಮ ಕರಗಿದ ನೀರು, ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಪ್ಯಾಂಟಿನ ಸುರುಳಿ ಬಿಚ್ಚಿದೆ. ಒಳಗಿಂದ ತೆಳ್ಳನೆಯ ಹತ್ತಿಯ ಅಂಗಿಯೊಂದು ಜಾರಿತು. ಹಳದಿ ಬಣ್ಣ, ಅರ್ಧ ತೋಳು.

"ಇದೇನ್ ತೊರಿಬಿಯೊ? ಬೇಸಿಗೇಲೂ ಮೂರು ಉಣ್ಣೆ ಅಂಗಿ ಹಾಕ್ಕೊಳ್ಳೋ ಊರಲ್ಲಿ ಇದನ್ನ ಹಾಕ್ಕೊಂಡು ಮೆಲಿತೋನ್ ಎಲ್ಲಿಗ್ ಹೋಗಿದ್ದ, ಮದುವೆಗಾ?"

"ಹಳೇದು ಅಕ್ಕಾ."

"ಹಳೇದಾ? ಕಾಲರ್ ಚೀಟಿ ಕೂಡ ಹರಿದಿಲ್ಲ." ನಾನು ಮೆಲ್ಲಗೆ ಹೇಳಿದೆ. "ಮುಚ್ಚಿಡೋ ಹಾಗಿದ್ರೆ ಸುಟ್ಟುಬಿಡಬಹುದಿತ್ತಲ್ಲ. ಇಲ್ಲಿಗೆ ಯಾಕ್ ತಂದೆ?"

ಅವನ ಕಣ್ಣು ತುಂಬಿತು. "ಹೆಂಗ್ ಸುಡ್ಲಿ ಅಕ್ಕಾ? ಒಂದು ಬಟ್ಟೆ ಒಗೀದೆ ಬಿಟ್ರೂ ಹೋದೋನು ಅದನ್ನ ಹುಡ್ಕೊಂಡು ಬರ್ತಾನಲ್ಲ. ಬರಿ ಮೈಯಲ್ಲಿ, ಈ ಚಳೀಲಿ ಅಲೀತಿರ್ತಾನೆ. ನನ್ ಧರ್ಮದ ಮಗಳ ಅಪ್ಪ ಅಕ್ಕಾ ಅವನು."

ಕಳ್ಳನಾಗಿದ್ದರೆ ಸುಟ್ಟಿರುತ್ತಿದ್ದ. ಇವನು ಕಳ್ಳನಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಪೊಲೀಸಿನ ನಾಲಗೆ ಸುಮ್ಮನಿರುವುದಿಲ್ಲ.

"ನೀನೇ ಅವನನ್ನ ಸಮುದ್ರದ ಹತ್ರ ಕರ್ಕೊಂಡು ಹೋದೆ. ನೀನೇ ಒಂದೇ ದಿನದಲ್ಲಿ ಮೇಲೆ ತಂದೆ. ಅದಕ್ಕೇ ಸತ್ತ, ಸೂಪಿನಿಂದಲ್ಲ. ಅವನ ಹೆಂಡ್ತಿ ಕಂಬಿ ಹಿಂದೆ ಕೂತಿದಾಳೆ, ನೀನು ಬಾಯಿಗೆ ಬೀಗ ಹಾಕ್ಕೊಂಡು ಬಟ್ಟೆ ಒಗೀತಿದೀಯಾ!"

"ಒಂದೇ ದಿನದಲ್ಲಿ ಬಂದ್ರೆ ಸಾಯ್ತಾರಾ?" ಅವನ ಕೈಯಿಂದ ಕೋಲು ಬಿದ್ದು ತೇಲಿಹೋಯಿತು. "ಯಾರಕ್ಕಾ ಹೇಳಿದ್ದು? ಅವನು ಇಲ್ಲೇ ಹುಟ್ಟಿದೋನು!"

ಈ ಅಚ್ಚರಿ ನಾಟಕವಾಗಿರಲಿಲ್ಲ. ಅರ್ಧ ಗಂಟೆಯ ಹಿಂದೆ ನನ್ನ ಮುಖದಲ್ಲೂ ಇದೇ ಇತ್ತು.

ಆಮೇಲೆ ಎಲ್ಲವನ್ನೂ ಹೇಳಿದ. ಮೆಲಿತೋನ್‌ಗೆ ತಲೆನೋವು, ಕಿವಿಯ ಸದ್ದು, ನಾಲ್ಕು ಹೆಜ್ಜೆಗೆ ಏದುಸಿರು. ಬೆಟ್ಟದ ಕಾಯಿಲೆ ಬಂದಿದೆಯೆಂದು ಗೊತ್ತಾದರೆ ಸುರಂಗದ ಗುಂಪಿನವರು ಜಾಗ ಬೇರೆಯವನಿಗೆ ಕೊಡುತ್ತಾರೆ. ಹಿಮದ ಅಜ್ಜಿ ಬೇಡವೆಂದವನನ್ನು ಜೊತೆಗೆ ಕರೆದೊಯ್ದರೆ ಗುಂಪಿಗೇ ಕೇಡೆಂದು ನಂಬಿಕೆ. ಹೋದ ವರ್ಷ ಸುರಂಗ ಕುಸಿದಾಗ ಬದುಕಿ ಬಂದವನು ಅವನೊಬ್ಬನೇ, ಅದಕ್ಕೇ ಮೊದಲೇ ಅವನನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು. ಹಾಗಾಗಿ ಹೆಂಡತಿಗೂ ಹೇಳದೆ ದಿಣ್ಣೆಯಾಚೆಗೆ ಎಂದು ಹೊರಟು, ತೊರಿಬಿಯೊನ ವ್ಯಾನಿನಲ್ಲಿ ಸಮುದ್ರದ ಬದಿಯ ಕಮಾನಾಕ್ಕೆ ಹೋದ. ಅಲ್ಲಿ ಭತ್ತದ ಗದ್ದೆಯಲ್ಲಿ ಕೂಲಿ.

"ಎರಡ್ ತಿಂಗಳಾದ ಮೇಲೆ ನೋಡಕ್ ಹೋಗಿದ್ದೆ ಅಕ್ಕಾ. ಗುರ್ತೇ ಸಿಗ್ಲಿಲ್ಲ. ಈ ಅಂಗಿ ಹಾಕ್ಕೊಂಡು ದಡದಲ್ಲಿ ಓಡ್ತಾ ಇದ್ದ. ಓಡ್ತಾ! 'ನೋಡೋ, ಓಡಿದ್ರೂ ಎದೆ ಹೊಡ್ಕೊಳಲ್ಲ. ರಾತ್ರಿ ಎಷ್ಟು ಸದ್ದಿಲ್ಲ ಗೊತ್ತಾ? ನಿಕಾಸಿಯಾನ್ನೂ ಮಗೂನ್ನೂ ಇಲ್ಲಿಗೇ ಕರ್ಕೊಂಡ್ ಬಂದ್ಬಿಡ್ತೀನಿ' ಅಂದ. ಅಷ್ಟ್ರಲ್ಲಿ ಆ ಮಾತು ಬಂತು."

"ಯಾವ ಮಾತು?"

"ಮಗೂಗೆ ಉಸಿರು ನಿಂತಿದೆ, ತಕ್ಷಣ ಕರ್ಕೊಂಡ್ ಬಾ ಅಂತ. ನಾನು ಎಲ್ಲೂ ನಿಲ್ಲಿಸ್ಲಿಲ್ಲ ಅಕ್ಕಾ. ನೀರಿಗೂ ನಿಲ್ಲಿಸ್ಲಿಲ್ಲ."

ಮಗು ಅವತ್ತು ಆಡುತ್ತಿತ್ತು. ಯಾರೋ ಸುಳ್ಳು ಹೇಳಿ ಅವನನ್ನು ಒಂದೇ ಉಸಿರಿಗೆ ಬೆಟ್ಟ ಹತ್ತಿಸಿದ್ದರು. ಕತ್ತಿಯಿಲ್ಲ, ವಿಷವಿಲ್ಲ, ಬರೀ ಅವಸರ. ಇದು ಕೊಲೆ ಎಂದು ನನಗೆ ಆಗ ಅರ್ಥವಾಯಿತು.

"ಯಾರು ಹೇಳಿದ್ದು? ಹೆಸರು ಹೇಳು. ನಿಕಾಸಿಯಾನ್ನ ಈಗ್ಲೇ ಬಿಡಿಸ್ತೀನಿ."

ತೊರಿಬಿಯೊ ನನ್ನನ್ನೇ ನೋಡಿದ. ಹೊಳೆಯಾಚೆ ಯಾರೋ ನಗುತ್ತಿದ್ದರು.

"ತಮಾಷೆ ಮಾಡ್ತಿದೀರಾ ಅಕ್ಕಾ?"

"ಹೇಳೋ!"

ಅವನು ಒದ್ದೆ ಕೈ ಒರೆಸಿ ಮೊಬೈಲು ತೆಗೆದ. ಬಂದಿದ್ದ ಧ್ವನಿ ಸಂದೇಶವನ್ನು ಒತ್ತಿ ನನ್ನ ಕಿವಿಗೆ ಹಿಡಿದ.

ಮಾತು ಮಾತಿಗೂ ಉಸಿರಿಗಾಗಿ ನಿಲ್ಲುವ ಒಬ್ಬ ಹೆಂಗಸು. "ತೊರಿಬಿಯೊ... ಮೆಲಿತೋನ್‌ಗೆ ಹೇಳು... ಮಗೂಗೆ ಉಸಿರು ನಿಂತಿದೆ... ಎಲ್ಲೂ ನಿಲ್ಲಿಸ್ಬೇಡ."

ಆ ಹೆಂಗಸು ನಾನೇ.

"ನಿಮ್ಮ ಠಾಣೆ ನಂಬರ್ರಿಂದಾನೇ ಬಂದಿದ್ದು," ಎಂದ ತೊರಿಬಿಯೊ. "ಪೊಲೀಸರ ಮೇಲೆ ಪೊಲೀಸರ ಹತ್ರಾನೇ ದೂರು ಕೊಡ್ಲಾ? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ನಾನು ಮತ್ತೊಮ್ಮೆ ಕೇಳಿದೆ, ಇನ್ನೊಮ್ಮೆ ಕೇಳಿದೆ. ಆ ಮಾತು ಆಡಿದ ನೆನಪು ನನ್ನೊಳಗೆ ಎಲ್ಲೂ ಇರಲಿಲ್ಲ. ಅವನು ಕಮಾನಾದಲ್ಲಿದ್ದದ್ದೇ ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲೇ? ನೆನಪಿಗೆ ತೂತು ಬಿದ್ದವಳ ಆಣೆಗೆ ಬೆಲೆ ಏನು? ನನಗೆ ಭಯವಾಯಿತು. ಇಪ್ಪತ್ತು ವರ್ಷದಲ್ಲಿ ಸುರಂಗಕ್ಕೂ ಹೆಣಕ್ಕೂ ಹೆದರದವಳು ನನ್ನ ತಲೆಗೆ ಹೆದರಿದೆ.

ಆ ಮೊಬೈಲನ್ನು ಹೊಳೆಗೆ ಬಿಸಾಡಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಕ್ಷೇಮ, ನಿಕಾಸಿಯಾ ಜೈಲಿಗೆ, ಮಗು ಹಾಲಿಲ್ಲದ ಅಜ್ಜಿಯ ಮಡಿಲಿಗೆ. ಒಂದು ಕ್ಷಣ ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳು. ಮೊಬೈಲನ್ನು ಸಮವಸ್ತ್ರದ ಅಂಗಿಯೊಳಗೆ ಸಿಕ್ಕಿಸಿಕೊಂಡು ಠಾಣೆಗೆ ನಡೆದೆ.

ಕ್ಯಾಪ್ಟನ್ ಕಣ್ಣು ಮುಚ್ಚಿಕೊಂಡು ಸಂದೇಶ ಕೇಳಿದರು. ಬೈಯಲಿಲ್ಲ. "ಪಾಪ ರುಫೀನಾ," ಎಂದರು. "ದಪ್ಪ ರಕ್ತ ಮನುಷ್ಯರ ಕೈಲಿ ಏನೇನ್ ಮಾಡಿಸುತ್ತೋ. ಎಷ್ಟು ಸಲ ಹೇಳಿದೆ, ಕೆಳಗೆ ಹೋಗು ಅಂತ."

"ಇದು ಸರ್ಕಾರಿ ವಕೀಲರಿಗೆ ತಲುಪಬೇಕು ಸರ್. ನಿಕಾಸಿಯಾ ಬದ್ಲು ನಾನು ಬರ್ತೀನಿ. ಅವಳನ್ನ ಬಿಡಿ."

"ಈ ಮೊಬೈಲು ಅಲ್ಲಿ ತಲುಪೋ ತನಕ ಬಿಟ್ಟಿರ್ತೀನಿ. ತಲುಪದೇ ಇದ್ರೆ ಮತ್ತೆ ಅವಳೇ ಒಳಗೆ. ಕಾನೂನು ಅಷ್ಟೇ." ಅವರು ಎದ್ದು ಕೋಟು ತೊಟ್ಟರು. "ನಾನೇ ಕರ್ಕೊಂಡು ಹೋಗ್ತೀನಿ. ಡ್ರೈವರ್ ಯಾಕೆ? ನಿನ್ನ ಮರ್ಯಾದೆ ವಿಷಯ."

ನಿಕಾಸಿಯಾ ಬಾಗಿಲಲ್ಲಿ ನನ್ನ ಊದಿದ ಬೆರಳುಗಳನ್ನು ಹಿಡಿದುಕೊಂಡು ಅತ್ತಳು. "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಕ್ಕಾ." ಅವಳಿಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ಕೈ ಹಿಡಿಯುತ್ತಿರಲಿಲ್ಲ.

ಜೀಪು ಇಳಿಯತೊಡಗಿತು. ಹಿಮದ ಅಜ್ಜಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳಿ ಮಲಗುತ್ತಿದ್ದಳು. ಉದ್ದ ಕತ್ತಿನ ಅಲ್ಪಾಕಾಗಳ ಮಂದೆ ಮಂಜಿನಲ್ಲಿ ತೇಲುತ್ತಿತ್ತು. ಇಳಿಬಿಸಿಲು ಕೆಂಪಾಗಿತ್ತು. ನಾನು ಅರೆನಿದ್ದೆಯಲ್ಲಿದ್ದೆ. ಕ್ಯಾಪ್ಟನ್ ಹಿತವಾಗಿ ಮಾತಾಡುತ್ತಿದ್ದರು.

"ನಾನು ರಜೆ ಮುಗಿಸಿ ಬರುವಾಗ ನಡುವೆ ಹುಲಿಯಾಕಾದಲ್ಲಿ ನಾಲ್ಕು ದಿನ ಉಳಿದೇ ಮೇಲೆ ಬರೋದು. ಯಾವತ್ತೂ ಒಂದೇ ಸಲಕ್ಕೆ ಬಂದಿಲ್ಲ. ನಮ್ಮಪ್ಪ ಕಲಿಸಿದ್ದು. ಅವರೂ ಬೆಟ್ಟದ ಠಾಣೆಗಳಲ್ಲೇ ಇದ್ದೋರು."

ಇನ್ನೊಂದು ತಿರುವು, ಮತ್ತೊಂದು ತಿರುವು. ರಕ್ತ ತೆಗೆಸಿದ್ದಕ್ಕೋ ಇಳಿದದ್ದಕ್ಕೋ, ಕಿವಿಯ ಸದ್ದು ಸಣ್ಣಗಾಗುತ್ತ ಬಂತು. ಆ ಮೌನದಲ್ಲಿ ಯಾವುದೋ ಮಧ್ಯಾಹ್ನ ನನ್ನ ಮುಂದೆ ಬಂದು ನಿಂತಿತು. ಠಾಣೆಯ ಮೇಜು, ಕೋಕಾ ಎಲೆಯ ವಾಸನೆ, ಕೆನ್ನೆಗೆ ತಣ್ಣಗೆ ತಾಗಿದ ಫೋನು. ಕುರ್ಚಿಯ ಹಿಂದೆ ನಿಂತು ಯಾರೋ ಒಂದೊಂದೇ ಮಾತು ಹೇಳಿಕೊಡುತ್ತಿದ್ದಾರೆ. ಶಾಲೆಯ ಮಗುವಿನಂತೆ ನಾನು ಒಪ್ಪಿಸುತ್ತಿದ್ದೇನೆ. ತುಂಬಾ ಮೆಲುದನಿ.

ನನ್ನ ನಿದ್ದೆ ಪೂರ್ತಿ ಹಾರಿತು. ಕಣ್ಣು ಮಾತ್ರ ಮುಚ್ಚಿಯೇ ಇಟ್ಟುಕೊಂಡೆ. ಸುರಂಗ ಯಾಕೆ ಕುಸಿಯಿತು ಎಂದು ನೋಡಿ ಬಂದವನು ಮೆಲಿತೋನ್ ಒಬ್ಬನೇ. ಆ ಕೇಸಿನ ಕಡತ ಒಂದು ವರ್ಷದಿಂದ ಕ್ಯಾಪ್ಟನ್‌ರ ಕಪಾಟಿನಲ್ಲೇ ಬೀಗದೊಳಗಿತ್ತು. ಊರಿಂದ ಇಳಿಯುವ ವ್ಯಾನುಗಳ ಪ್ರಯಾಣಿಕರ ಪಟ್ಟಿಯೂ ಅವರ ಮೇಜಿಗೇ ಬರುತ್ತಿತ್ತು.

"ಏನಾದ್ರೂ ನೆನಪಾಗ್ತಿದೆಯಾ ರುಫೀನಾ?"

"ಇಲ್ಲ ಸರ್."

"ಆಗುತ್ತೆ," ಎಂದರು, ರಸ್ತೆಯಿಂದ ಕಣ್ಣು ಕೀಳದೆ. "ಕೆಳಗೆ ಇಳಿದ ಹಾಗೆಲ್ಲ ಎಲ್ಲರಿಗೂ ನೆನಪಾಗುತ್ತೆ, ಮೆಲಿತೋನ್‌ಗೂ. ಅದೇ ತೊಂದ್ರೆ." ಜೀಪು ನಿಧಾನವಾಯಿತು. "ತೊರಿಬಿಯೊ ಮೊಬೈಲು ನಿನ್ನ ಹತ್ರಾನೇ ಇದೆಯಲ್ಲ?"

ನಾನು ಅಂಗಿಯ ಮೇಲೆ ಕೈ ಇಟ್ಟುಕೊಂಡೆ. ಅದು ಹುಲಿಯಾಕಾ ಸೇರಿದರೆ ನಿಕಾಸಿಯಾ ಮಗುವಿನೊಂದಿಗೆ ಮನೆಯಲ್ಲಿ.

ಅವರು ಜೀಪನ್ನು ಕಂದಕದ ಅಂಚಿಗೆ ತಂದು ಎಂಜಿನ್ ಆರಿಸಿದರು.